ತೂಗುಗಿಳಿ ಒಂದೋ, ಎರಡೋ?

ಪ್ರಾಣಿವಿಜ್ಞಾನದವರು ಬರೆಯಬೇಕಾದ ಲೇಖನವನ್ನು ಭೌತವಿಜ್ಞಾನದ ಮೇಷ್ಟರು ಬರೆಯುತ್ತಿದ್ದಾರಲ್ಲ ಎಂದು ನಿಮಗೆ ಅನ್ನಿಸಬಹುದು. ಅದಕ್ಕೊಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಶಿಕ್ಷಕರ ತರಬೇತಿ ಶಿಬಿರವೊಂದರಲ್ಲಿ ಹಕ್ಕಿಗಳ ಗರಿಗೆ ಬಣ್ಣ ಹೇಗೆ ಬರುತ್ತದೆ ಎಂಬುದನ್ನು ಕುರಿತು ಮಾತನಾಡುತ್ತಿದ್ದೆ. ಪರದೆಯ ಮೇಲೆ ಎರಡು ಚಿತ್ರಗಳಿದ್ದವು. ಒಂದು ನಮ್ಮ ಪಶ್ಚಿಮಘಟ್ಟದ ತೂಗುಗಿಳಿ, ಇನ್ನೊಂದು ಶ್ರೀಲಂಕಾದ ತೂಗುಗಿಳಿ. ಹಿಂದಿನ ಸಾಲಿನಲ್ಲಿದ್ದ ಪ್ರೌಢಶಾಲಾ ಶಿಕ್ಷಕಿಯೊಬ್ಬರು ಎದ್ದು ನಿಂತು ಕೇಳಿದರು: "ಸರ್, ಒಂದಕ್ಕೆ ಕೆಂಪು ಟೋಪಿ ಇದೆ, ಇನ್ನೊಂದಕ್ಕೆ ಇಲ್ಲ. ಅಷ್ಟಕ್ಕೇ ಎರಡು ಪ್ರಭೇದ ಅಂತ ಹೇಗೆ ಹೇಳ್ತೀರಿ? ಪಾಠದಲ್ಲಿ ಮಕ್ಕಳಿಗೆ ನಾವು ಹೇಳಿಕೊಡೋ ವ್ಯಾಖ್ಯೆ ಬೇರೆ ಅಲ್ವಾ?"

ನನ್ನ ಬಳಿ ಉತ್ತರವಿರಲಿಲ್ಲ. ಬಣ್ಣದ ಬಗ್ಗೆ ಕೇಳಿದ್ದರೆ ಅರ್ಧ ಗಂಟೆ ಹೇಳುತ್ತಿದ್ದೆ. ಪ್ರಭೇದದ ಬಗ್ಗೆ ಕೇಳಿದಾಗ "ಪುಸ್ತಕದಲ್ಲಿ ಹಾಗಿದೆ" ಎಂದು ಹೇಳಿ ಜಾರಿಕೊಂಡೆ. ಊರಿಗೆ ಮರಳಿದ ಮೇಲೆ ಆ ಪ್ರಶ್ನೆಯ ಬೆನ್ನುಹತ್ತಿದೆ. ಅದು ನನ್ನನ್ನು ಕ್ಯಾಪ್ಟನ್ ಕುಕ್‌ನ ಹಡಗಿನವರೆಗೆ ಕರೆದೊಯ್ಯುತ್ತದೆ ಎಂದು ಮಾತ್ರ ಎಣಿಸಿರಲಿಲ್ಲ.

ಹಕ್ಕಿಗಳನ್ನು ನೋಡೋಣ

ಗಿಳಿ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕೊರಳಿಗೆ ಗುಲಾಬಿ ಪಟ್ಟಿಯಿರುವ, ಉದ್ದ ಬಾಲದ ಗಿಳಿ. ತೂಗುಗಿಳಿ ಅಂಥದ್ದಲ್ಲ. ಕೊಕ್ಕಿನಿಂದ ಬಾಲದ ತುದಿಯವರೆಗೆ ಅಳೆದರೆ ಸುಮಾರು 14 ಸೆಂಟಿಮೀಟರ್. ಅಂದರೆ ಗುಬ್ಬಚ್ಚಿಯಷ್ಟೇ. ಬಾಲ ಮೊಟಕು, ಮೈ ಎಲೆಹಸಿರು, ಬೆನ್ನಿನ ಕೆಳಭಾಗ ಮಾತ್ರ ಕಡುಗೆಂಪು. ಕೊಡಗಿನಲ್ಲೋ ಮಲೆನಾಡಿನಲ್ಲೋ ಹೂಬಿಟ್ಟ ಹಾಲವಾಣದ ಮರದ ಕೆಳಗೆ ನಿಂತರೆ ಇದು ಮಕರಂದಕ್ಕಾಗಿ ತಲೆಕೆಳಗಾಗಿ ಜೋತುಬಿದ್ದು ಹೂವಿನಿಂದ ಹೂವಿಗೆ ಸರಿಯುವುದನ್ನು ನೀವು ನೋಡಬಹುದು. ನೋಡುವುದಕ್ಕಿಂತ ಮೊದಲು ಅದರ ಚೂಪಾದ ಕಿರುಚು ಕೇಳಿಸುತ್ತದೆ. ರಾತ್ರಿ ಮಲಗುವುದೂ ಬಾವಲಿಯಂತೆ ನೇತಾಡಿಕೊಂಡೇ. ಹೆಸರು ಬಂದದ್ದು ಅದರಿಂದ. ಮಲಯಾಳಿಗಳು ಇದನ್ನು 'ತತ್ತಚ್ಚಿನ್ನನ್', ಅಂದರೆ ಪುಟ್ಟ ಗಿಳಿಯಪ್ಪ ಎಂಬರ್ಥದಲ್ಲಿ ಕರೆಯುತ್ತಾರೆ. ನಾನು ಕಂಡ ಹೆಸರುಗಳಲ್ಲಿ ಅದೇ ಚೆಂದ.

ಈ ಹಕ್ಕಿಯ ವೈಜ್ಞಾನಿಕ ಹೆಸರು ಲೋರಿಕ್ಯುಲಸ್ ವರ್ನಾಲಿಸ್. ಮೊದಲ ಪದ ಕುಲವನ್ನೂ ಎರಡನೆಯದು ಪ್ರಭೇದವನ್ನೂ ಸೂಚಿಸುತ್ತದೆ ಎಂಬುದು ನಿಮಗೆ ಗೊತ್ತು. ಲೋರಿಕ್ಯುಲಸ್ ಕುಲದಲ್ಲಿ ಸುಮಾರು 14 ಪ್ರಭೇದಗಳಿವೆ. ಭಾರತದಿಂದ ನ್ಯೂಗಿನಿಯ ಆಚೆಯ ದ್ವೀಪಗಳವರೆಗೆ ಅವು ಹರಡಿಕೊಂಡಿವೆ. ವರ್ನಾಲಿಸ್ ಇರುವುದು ಪಶ್ಚಿಮಘಟ್ಟ, ಪೂರ್ವಘಟ್ಟ, ಈಶಾನ್ಯ ಭಾರತ, ಬರ್ಮಾ, ಥಾಯ್ಲೆಂಡ್, ಇಂಡೋಚೀನಾ ಹಾಗೂ ಅಂಡಮಾನ್‌ಗಳಲ್ಲಿ. ಅಂಡಮಾನ್ ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಶ್ರೀಲಂಕಾದ ಹಕ್ಕಿ ಲೋರಿಕ್ಯುಲಸ್ ಬೆರಿಲ್ಲಿನಸ್. ಸಿಂಹಳದಲ್ಲಿ 'ಗಿರಾಮಲಿತ್ತಾ'. ಅದು ಆ ದ್ವೀಪದಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ. ಗಾತ್ರ, ಹಸಿರು ಮೈ, ಬೆನ್ನಿನ ಕೆಂಪು, ಕೊಕ್ಕಿನ ಕೆಂಪು-ಕಿತ್ತಳೆ, ನೇತಾಡುವ ಚಾಳಿ, ಮರದ ಪೊಟರೆಯಲ್ಲಿ ಗೂಡು, ಬಿಳಿ ಮೊಟ್ಟೆ ಎಲ್ಲವೂ ನಮ್ಮದರಂತೆಯೇ. ಎರಡಕ್ಕೂ ಸೇಂದಿಯ ಗಡಿಗೆಗಳ ಮೇಲೆ ಆಸೆ ಎಂದೂ, ಕುಡಿದು ಮತ್ತೇರಿ ಬೀಳುತ್ತವೆ ಎಂದೂ ಹಳೆಯ ಪುಸ್ತಕಗಳು ಹೇಳುತ್ತವೆ. ವ್ಯತ್ಯಾಸ ಎದ್ದು ಕಾಣುವುದು ತಲೆಯಲ್ಲಿ. ಬೆಳೆದ ಬೆರಿಲ್ಲಿನಸ್‌ನ ಹಣೆ ಮತ್ತು ನೆತ್ತಿ ಕೆಂಪು, ಕತ್ತಿನ ಹಿಂಭಾಗದಿಂದ ಬೆನ್ನಿಗೆ ಇಳಿಯುವ ಕಿತ್ತಳೆಯ ಛಾಯೆ, ಗಂಟಲಲ್ಲಿ ತಿಳಿನೀಲಿ. ವರ್ನಾಲಿಸ್‌ನ ನೆತ್ತಿ ಹಸಿರು. ಗಂಡಿನ ಗಂಟಲಲ್ಲಿ ಮಾತ್ರ ಒಂದು ನೀಲಿ ಮಚ್ಚೆ ಸ್ಪಷ್ಟವಾಗಿರುತ್ತದೆ.

ಒಂದೇ ಹಡಗಿನ ಇಬ್ಬರು

ಈ ಎರಡು ಹಕ್ಕಿಗಳಿಗೆ ಹೆಸರಿಟ್ಟವರು ಯಾರೆಂದು ಹುಡುಕಿದಾಗ ನನಗೆ ನಗು ಬಂತು. ಬೆರಿಲ್ಲಿನಸ್ ಎಂದು 1781ರಲ್ಲಿ ಹೆಸರಿಟ್ಟವನು ಯೊಹಾನ್ ರೈನ್‌ಹೋಲ್ಡ್ ಫಾರ್ಸ್ಟರ್. ವರ್ನಾಲಿಸ್ ಎಂದು 1787ರಲ್ಲಿ ಹೆಸರಿಟ್ಟವನು ಆಂಡರ್ಸ್ ಸ್ಪಾರ್ಮಾನ್. ಇವರಿಬ್ಬರೂ ಒಂದೇ ಹಡಗಿನಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಒಟ್ಟಿಗೆ ಪ್ರಪಂಚ ಸುತ್ತಿದವರು!

ಹಡಗಿನ ಹೆಸರು ರೆಸಲ್ಯೂಷನ್. ಜೇಮ್ಸ್ ಕುಕ್‌ನ ಎರಡನೆಯ ಯಾನಕ್ಕೆ ನಿಸರ್ಗವಿಜ್ಞಾನಿಯಾಗಿ ಹೋಗಬೇಕಾಗಿದ್ದವನು ಜೋಸೆಫ್ ಬ್ಯಾಂಕ್ಸ್. ಹಡಗಿನಲ್ಲಿ ತನಗೆ ಸಿಕ್ಕ ಸ್ಥಳದ ವಿಚಾರದಲ್ಲಿ ಜಗಳವಾಗಿ ಅವನು ಹಿಂದೆ ಸರಿದ. ಫಾರ್ಸ್ಟರ್ ಮತ್ತು ಅವನ ಹದಿಹರೆಯದ ಮಗ ಗೇಯಾರ್ಗ್ ಆ ಜಾಗಕ್ಕೆ ಬಂದರು. 1772ರ ಜುಲೈನಲ್ಲಿ ಹೊರಟ ಹಡಗು ವರ್ಷಾಂತ್ಯದೊಳಗೆ ಆಫ್ರಿಕಾದ ಕೇಪ್ ಮುಟ್ಟಿತು. ಅಲ್ಲಿ ಸಸ್ಯ ಸಂಗ್ರಹಿಸುತ್ತಿದ್ದ 24 ವರ್ಷದ ಸ್ವೀಡನ್ನಿನ ವೈದ್ಯ ಸ್ಪಾರ್ಮಾನ್ ಸಿಕ್ಕ. ಲಿನೇಯಸ್‌ನ ಶಿಷ್ಯ. 17ನೇ ವಯಸ್ಸಿನಲ್ಲೇ ಹಡಗಿನ ವೈದ್ಯನ ಕೆಲಸದಲ್ಲಿ ಚೀನಾಕ್ಕೆ ಹೋಗಿಬಂದವನು. ಫಾರ್ಸ್ಟರ್ ತನ್ನ ಸ್ವಂತ ಖರ್ಚಿನಲ್ಲಿ ಅವನನ್ನು ಸಹಾಯಕನಾಗಿ ಕರೆದುಕೊಂಡ. 1773ರ ಜನವರಿ 17ರಂದು ಅಂಟಾರ್ಕ್ಟಿಕ್ ವೃತ್ತವನ್ನು ಮೊಟ್ಟಮೊದಲು ದಾಟಿದವರಲ್ಲಿ ಇವರೂ ಸೇರಿದ್ದರು. 1775ರಲ್ಲಿ ಹಡಗು ಮತ್ತೆ ಕೇಪ್‌ಗೆ ಬಂದಾಗ ಸ್ಪಾರ್ಮಾನ್ ಅಲ್ಲಿಯೇ ಇಳಿದುಕೊಂಡ.

ಆಮೇಲೆ ದಾರಿಗಳು ಬೇರೆಯಾದವು. ಇಂಗ್ಲೆಂಡಿಗೆ ಮರಳಿದ ಫಾರ್ಸ್ಟರ್, ಯಾನದ ಅಧಿಕೃತ ವರದಿ ಬರೆಯುವ ವಿಷಯದಲ್ಲಿ ನೌಕಾಡಳಿತದ ಜೊತೆ ಜಗಳವಾಡಿ, ಸಾಲ ಮಾಡಿಕೊಂಡು, ಕೊನೆಗೆ 1780ರಲ್ಲಿ ಜರ್ಮನಿಯ ಹಾಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ. ಈ ನಡುವೆ ವೇಲ್ಸ್‌ನ ಥಾಮಸ್ ಪೆನ್ನಂಟ್ 1769ರಲ್ಲಿ 'ಇಂಡಿಯನ್ ಜುವಾಲಜಿ' ಎಂಬ ಚಿತ್ರಗಳ ಪುಸ್ತಕ ಆರಂಭಿಸಿ ಅರ್ಧಕ್ಕೆ ಬಿಟ್ಟಿದ್ದ. ಅದಕ್ಕೆ ಆಧಾರವಾಗಿದ್ದವು, ಶ್ರೀಲಂಕಾದ ಡಚ್ ಗವರ್ನರ್ ಆಗಿದ್ದ ಲೋಟನ್, ಪೀಟರ್ ಡಿ ಬೇವರೆ ಎಂಬ ಚಿತ್ರಕಾರನಿಂದ ಅಲ್ಲಿ ಬರೆಸಿದ್ದ ಚಿತ್ರಗಳು. ಅಚ್ಚಿನ ಫಲಕಗಳು ಫಾರ್ಸ್ಟರ್‌ನ ಕೈಗೆ ಬಂದವು. ಅವನು ಅವುಗಳಿಗೆ ಜರ್ಮನ್ ಮತ್ತು ಲ್ಯಾಟಿನ್ ಪಠ್ಯ ಬರೆದು, ತನ್ನದನ್ನೂ ಸೇರಿಸಿ 1781ರಲ್ಲಿ ಪ್ರಕಟಿಸಿದ. ನಮ್ಮ ಕೆಂಪು ಟೋಪಿಯ ಗಿಳಿಗೆ 'ಸಿಟ್ಟಾಕಸ್ ಬೆರಿಲ್ಲಿನಸ್' ಎಂಬ ಹೆಸರು ಅಚ್ಚಾದದ್ದು ಅದರಲ್ಲಿ. ಆಗ ಎಲ್ಲ ಗಿಳಿಗಳೂ ಸಿಟ್ಟಾಕಸ್ ಎಂಬ ಒಂದೇ ಕುಲ.

ಬೆರಿಲ್ಲಿನಸ್ ಎಂದರೆ ಬೆರಿಲ್ ರತ್ನದ ಬಣ್ಣದ್ದು ಎಂದರ್ಥ. ಲ್ಯಾಟಿನ್‌ನ ಬೆರಿಲ್ಲಸ್ ಗ್ರೀಕಿನಿಂದ ಬಂತು, ಗ್ರೀಕಿಗೆ ಪ್ರಾಕೃತದ 'ವೇರುಲಿಯ'ದಿಂದ. ಅದೇ ನಮ್ಮ 'ವೈಡೂರ್ಯ'. ಮೂಲ ಪದ ದಕ್ಷಿಣ ಭಾರತದ ಒಂದು ಊರಿನ ಹೆಸರಾಗಿರಬಹುದು, ಆ ಊರು ಬೇಲೂರೇ ಇರಬಹುದು ಎಂದು ಊಹಿಸಿದವರೂ ಇದ್ದಾರೆ. ಊಹೆಯ ಮೇಲೆ ನಾನು ಭಾರ ಹಾಕುವುದಿಲ್ಲ. ಆದರೆ ವೈಡೂರ್ಯ ಎಂಬ ಪದ ಯುರೋಪ್ ಸುತ್ತಿ ಮರಳಿ ನಮ್ಮ ಪಕ್ಕದ ದ್ವೀಪದ ಹಕ್ಕಿಯ ಮೇಲೆ ಬಂದು ಕುಳಿತದ್ದಂತೂ ನಿಜ.

ಅತ್ತ ಸ್ಪಾರ್ಮಾನ್ ಸ್ವೀಡನ್ನಿಗೆ ಮರಳಿದ. ಯೊಹಾನ್ ಗುಸ್ತಾಫ್ ಫಾನ್ ಕಾರ್ಲ್‌ಸನ್ ಎಂಬ ಸಿರಿವಂತ ಅಧಿಕಾರಿ ಸಂಗ್ರಹಿಸಿದ್ದ ಹಕ್ಕಿಗಳನ್ನು 1786ರಿಂದ 1789ರವರೆಗೆ ನಾಲ್ಕು ಕಂತುಗಳಲ್ಲಿ, ನೂರು ಬಣ್ಣದ ಚಿತ್ರಗಳೊಂದಿಗೆ ವರ್ಣಿಸಿದ. 'ಸಿಟ್ಟಾಕಸ್ ವರ್ನಾಲಿಸ್', ಅಂದರೆ ವಸಂತದ ಗಿಳಿ, ಇದರಲ್ಲಿ ಬಂತು. ಅದೇ 1787ರಲ್ಲಿ ಅವನು ಪಶ್ಚಿಮ ಆಫ್ರಿಕಾದ ಸೆನೆಗಲ್‌ಗೆ ಹೋಗಿ ಗುಲಾಮರ ವ್ಯಾಪಾರವನ್ನು ಕಣ್ಣಾರೆ ಕಂಡು ಅದರ ವಿರುದ್ಧ ದನಿಯೆತ್ತಿದ. ಗಿಳಿಗೂ ಇದಕ್ಕೂ ಸಂಬಂಧವಿಲ್ಲ. ಆದರೂ ಆ ಮನುಷ್ಯನನ್ನು ಬರೀ ಒಂದು ಹೆಸರಾಗಿ ಬಿಟ್ಟುಹೋಗಲು ಮನಸ್ಸಾಗಲಿಲ್ಲ.

ಈಗ ಗಮನಿಸಿ. ಫಾರ್ಸ್ಟರ್ ಭಾರತವನ್ನಾಗಲಿ ಶ್ರೀಲಂಕಾವನ್ನಾಗಲಿ ಕಂಡವನಲ್ಲ. ಸ್ಪಾರ್ಮಾನ್ ವರ್ಣಿಸಿದ್ದು ಕಪಾಟಿನಲ್ಲಿದ್ದ ಹಕ್ಕಿಯನ್ನು. ಎರಡು ಹಕ್ಕಿಗಳನ್ನು ಪಕ್ಕಪಕ್ಕದಲ್ಲಿಟ್ಟು 'ಇವು ಬೇರೆ' ಎಂದು ಅವರಲ್ಲಿ ಯಾರೂ ತೀರ್ಮಾನಿಸಲಿಲ್ಲ. ಇಬ್ಬರೂ ತಮ್ಮ ಮುಂದಿದ್ದ ಒಂದೊಂದಕ್ಕೆ ಹೆಸರು ಕೊಟ್ಟರು, ಅಷ್ಟೆ. ಶಿಕ್ಷಕಿಯವರ ಪ್ರಶ್ನೆಗೆ ಹೆಸರಿಟ್ಟವರಲ್ಲಿ ಉತ್ತರ ಹುಡುಕಿದ್ದು ನನ್ನ ತಪ್ಪು.

'ಇಂಡಿಕಸ್' ತಂದ ಗೊಂದಲ

ಗೊಂದಲ ಇಲ್ಲಿಗೇ ನಿಲ್ಲಲಿಲ್ಲ. 1788ರಲ್ಲಿ ಗ್ಮೆಲಿನ್ ಎಂಬಾತ ಲಿನೇಯಸ್‌ನ 'ಸಿಸ್ಟೆಮಾ ನ್ಯಾಚುರೇ' ಗ್ರಂಥದ 13ನೇ ಆವೃತ್ತಿ ಹೊರತಂದಾಗ ಶ್ರೀಲಂಕಾದ ಹಕ್ಕಿಗೆ 'ಸಿಟ್ಟಾಕಸ್ ಇಂಡಿಕಸ್' ಎಂಬ ಇನ್ನೊಂದು ಹೆಸರು ಕೊಟ್ಟ. ಇಂಡಿಕಸ್ ಎಂದರೆ ಭಾರತದ್ದು. ಆಗಿನ ಯುರೋಪಿನವರಿಗೆ ಪೂರ್ವದ ಸಮುದ್ರದಿಂದ ಬಂದದ್ದೆಲ್ಲವೂ 'ಇಂಡಿಯಾ'ದ್ದೇ. 19ನೇ ಶತಮಾನದ ನಡುಭಾಗದಲ್ಲಿ ಕಲ್ಕತ್ತದ ಏಷ್ಯಾಟಿಕ್ ಸೊಸೈಟಿಯ ಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ ತೂಗುಗಿಳಿಗಳನ್ನು ಪ್ರತ್ಯೇಕ ಕುಲವಾಗಿ ವಿಂಗಡಿಸಿ 'ಲೋರಿಕ್ಯುಲಸ್', ಅಂದರೆ ಪುಟ್ಟ ಲೋರಿ ಎಂದು ಕರೆದ. ಲೋರಿ ಎಂಬುದು ಮಲಯ ಭಾಷೆಯಿಂದ ಬಂದ ಒಂದು ಗಿಳಿಯ ಹೆಸರು. ಆದರೆ ಇಂಡಿಕಸ್ ಎಂಬುದು ಉಳಿದುಕೊಂಡಿತು. ಶ್ರೀಲಂಕಾದಲ್ಲಿ ಸೈನಿಕ ಅಧಿಕಾರಿಯಾಗಿದ್ದ ವಿಲಿಯಂ ವಿನ್ಸೆಂಟ್ ಲೆಗ್ 1878ರಿಂದ 1880ರವರೆಗೆ ಹೊರತಂದ ಆ ದ್ವೀಪದ ಹಕ್ಕಿಗಳ ಮಹಾಗ್ರಂಥದಲ್ಲೂ ಅದೇ ಹೆಸರು. 1895ರಲ್ಲಿ ಬ್ಲಾನ್‌ಫರ್ಡ್ 'ಫಾನಾ ಆಫ್ ಬ್ರಿಟಿಷ್ ಇಂಡಿಯಾ' ಮಾಲೆಯಲ್ಲಿ ಎರಡು ಹಕ್ಕಿಗಳನ್ನೂ ಒಂದರ ಹಿಂದೆ ಒಂದರಂತೆ ವಿವರಿಸಿದಾಗ ಒಂದು ವಿಚಿತ್ರ ಎದ್ದು ಕಂಡಿತು. ಇಂಗ್ಲಿಷಿನಲ್ಲಿ 'ಭಾರತದ' ಎಂಬ ವಿಶೇಷಣ ವರ್ನಾಲಿಸ್‌ಗೆ. ಲ್ಯಾಟಿನ್‌ನಲ್ಲಿ 'ಭಾರತದ' ಎಂಬ ವಿಶೇಷಣ ಭಾರತದಲ್ಲಿ ಇಲ್ಲವೇ ಇಲ್ಲದ ಹಕ್ಕಿಗೆ!

ಹೆಸರಿನ ನಿಯಮ ಸರಳ. ಮೊದಲು ಪ್ರಕಟವಾದದ್ದು ಉಳಿಯುತ್ತದೆ. 1781 ಎಂಬುದು 1788ಕ್ಕಿಂತ ಮೊದಲು. ಆದ್ದರಿಂದ 20ನೇ ಶತಮಾನದಲ್ಲಿ ಇಂಡಿಕಸ್ ಬದಿಗೆ ಸರಿದು ಫಾರ್ಸ್ಟರ್‌ನ ಬೆರಿಲ್ಲಿನಸ್ ಮರಳಿ ಬಂತು. ಹಳೆಯ ಪುಸ್ತಕದಲ್ಲಿ 'ಲೋರಿಕ್ಯುಲಸ್ ಇಂಡಿಕಸ್' ಎಂದು ಓದಿದ ವಿದ್ಯಾರ್ಥಿ ಅದು ನಮ್ಮ ಮಲೆನಾಡಿನ ಹಕ್ಕಿ ಎಂದು ತಿಳಿಯುವ ಅಪಾಯ ಮಾತ್ರ ಇಂದಿಗೂ ಇದೆ. ನಾನೇ ಒಂದು ವಾರ ಹಾಗೆ ತಿಳಿದಿದ್ದೆ.

ನಮ್ಮ ಪಾಠದ ವ್ಯಾಖ್ಯೆ

ನಾವು ತರಗತಿಯಲ್ಲಿ ಹೇಳುವ ವ್ಯಾಖ್ಯೆ ಎರ್ನ್ಸ್ಟ್ ಮಾಯರ್ 1942ರಲ್ಲಿ ಪ್ರಚಾರಕ್ಕೆ ತಂದದ್ದು. ನಿಸರ್ಗದಲ್ಲಿ ತಮ್ಮೊಳಗೆ ಕೂಡಿ ಸಂತಾನ ಪಡೆಯುವ, ಇತರ ಗುಂಪುಗಳೊಡನೆ ಹಾಗೆ ಕೂಡದ ಜೀವಿಸಮೂಹವೇ ಪ್ರಭೇದ. ಒಂದೇ ಕಾಡಿನಲ್ಲಿರುವ ಎರಡು ಹಕ್ಕಿಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಆದರೆ ಒಂದು ಕೊಡಗಿನಲ್ಲಿ, ಇನ್ನೊಂದು ರತ್ನಪುರದಲ್ಲಿ ಇದ್ದರೆ? ಅವು ಭೇಟಿಯಾಗುವುದೇ ಇಲ್ಲ. ಕೂಡುತ್ತವೆಯೋ ಇಲ್ಲವೋ ಎಂಬ ಪ್ರಯೋಗವನ್ನು ನಿಸರ್ಗ ಮಾಡಿ ತೋರಿಸುವುದಿಲ್ಲ. ಪಂಜರದಲ್ಲಿ ಒಟ್ಟಿಗೆ ಇಟ್ಟು ನೋಡಿದರೆ ಸಾಲದು, ಏಕೆಂದರೆ ಪಂಜರದಲ್ಲಿ ಬೇರೆ ಬೇರೆ ಪ್ರಭೇದಗಳೂ ಕೂಡುವುದುಂಟು. ಮಾಯರ್ ಈ ತೊಡಕನ್ನು ಬಲ್ಲವನೇ ಆಗಿದ್ದ. ಇಂಥ ಸಂದರ್ಭದಲ್ಲಿ ಪಕ್ಕಪಕ್ಕದಲ್ಲೇ ಬಾಳುವ ಸಂಬಂಧಿ ಪ್ರಭೇದಗಳು ಎಷ್ಟು ಭಿನ್ನವಾಗಿವೆಯೋ ಅಷ್ಟು ಭಿನ್ನತೆ ಇವುಗಳಲ್ಲೂ ಇದೆಯೇ ಎಂದು ಹೋಲಿಸಿ ಊಹಿಸಬೇಕು ಎಂದ. ಊಹೆ ಎಂಬ ಪದಕ್ಕೆ ಹೆದರಬೇಕಿಲ್ಲ. ನಾವು ನಕ್ಷತ್ರದ ಒಳಗಿನ ತಾಪವನ್ನು ಹೇಳುವುದೂ ಥರ್ಮಾಮೀಟರ್ ಇಟ್ಟು ಅಲ್ಲ.

ಸಮುದ್ರವೋ, ಒಣನೆಲವೋ?

ಇವು ಬೇರೆಯಾಗಲು ಪಾಕ್ ಜಲಸಂಧಿ ಕಾರಣ ಎಂದು ನೀವು ಥಟ್ಟನೆ ಹೇಳಬಹುದು. ನಾನೂ ಹಾಗೇ ಹೇಳಿದ್ದೆ. ಲೆಕ್ಕ ಹಾಕಿ ನೋಡಿ. ಧನುಷ್ಕೋಡಿಯಿಂದ ತಲೈಮನ್ನಾರ್‌ಗೆ ದೂರ ಸುಮಾರು 30 ಕಿಲೋಮೀಟರ್. ಆ ಸಾಲಿನಲ್ಲಿ ನೀರಿನ ಆಳ ಬಹುಪಾಲು ಕೆಲವೇ ಮೀಟರ್‌ಗಳು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ಉತ್ತುಂಗದಲ್ಲಿ, ಸಮುದ್ರಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಅಂದರೆ ಅಲ್ಲಿ ಸಮುದ್ರವೇ ಇರಲಿಲ್ಲ, ಅಗಲವಾದ ನೆಲವಿತ್ತು. ಅದಕ್ಕೂ ಹಿಂದಿನ ಹಿಮಯುಗಗಳಲ್ಲೂ ಹೀಗೇ ಆಗಿದೆ. ಹಾರಬಲ್ಲ ಹಕ್ಕಿಗೆ ಸಾವಿರಾರು ವರ್ಷ ತೆರೆದಿದ್ದ ಸೇತುವೆ ಅದು.

ಈಗ ಅಂಡಮಾನ್ ನೆನಪಿಸಿಕೊಳ್ಳಿ. ಮುಖ್ಯಭೂಮಿಯಿಂದ ನೂರಾರು ಕಿಲೋಮೀಟರ್ ದೂರದ ಆ ದ್ವೀಪಗಳಲ್ಲಿರುವುದು ಅದೇ ವರ್ನಾಲಿಸ್, ಹಸಿರು ನೆತ್ತಿಯದು. ಹಾಗಿದ್ದ ಮೇಲೆ 30 ಕಿಲೋಮೀಟರ್ ನೀರು ಎರಡು ಪ್ರಭೇದಗಳನ್ನು ಬೇರೆ ಮಾಡಿತು ಎಂದು ಹೇಳುವುದು ಹೇಗೆ?

2004ರಲ್ಲಿ ಬೆಲ್ಜಿಯಂನ ಫ್ರಾಂಕಿ ಬೊಸ್ಸಾಯ್ಟ್ ಮತ್ತು ಜೊತೆಗಾರರು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ದಾರಿ ತೋರುತ್ತದೆ. ಅವರು ಗಿಳಿಗಳನ್ನಲ್ಲ, ಕಪ್ಪೆ, ಹಾವು, ಸಿಹಿನೀರಿನ ಏಡಿ, ಮೀನು ಮೊದಲಾದವನ್ನು ಡಿಎನ್‌ಎ ಆಧಾರದಲ್ಲಿ ಹೋಲಿಸಿದರು. ಪಶ್ಚಿಮಘಟ್ಟ ಮತ್ತು ಶ್ರೀಲಂಕಾಗಳನ್ನು ಒಂದೇ ಜೀವವೈವಿಧ್ಯ ತಾಣವೆಂದು ಎಣಿಸುವ ವಾಡಿಕೆಯಿತ್ತು. ನೆಲದ ಸೇತುವೆ ಮತ್ತೆ ಮತ್ತೆ ತೆರೆದರೂ ದ್ವೀಪದ ಜೀವಿಗಳು ಬಹುಮಟ್ಟಿಗೆ ತಮ್ಮದೇ ವಂಶಗಳಾಗಿ ಉಳಿದಿವೆ ಎಂದು ಅವರು ಕಂಡುಕೊಂಡರು. ನಕ್ಷೆ ನೋಡಿದರೆ ಕಾರಣ ಹೊಳೆಯುತ್ತದೆ. ಮಳೆಕಾಡುಗಳಿರುವುದು ಪಶ್ಚಿಮಘಟ್ಟದಲ್ಲಿ ಮತ್ತು ಶ್ರೀಲಂಕಾದ ನೈರುತ್ಯ ಭಾಗದಲ್ಲಿ. ನಡುವೆ ತಮಿಳುನಾಡಿನ ಆಗ್ನೇಯದ ಒಣ ಬಯಲು, ಸೇತುವೆ, ಮತ್ತೆ ಶ್ರೀಲಂಕಾದ ಉತ್ತರದ ಒಣ ಬಯಲು. ಒದ್ದೆ ಕಾಡಿನ ಜೀವಿಗೆ ತಡೆಯೆಂದರೆ ಈ ಒಣನೆಲ. ಹಣ್ಣು, ಮಕರಂದ ವರ್ಷವಿಡೀ ಬೇಕಾದ ತೂಗುಗಿಳಿಗೂ ಇದೇ ಅನ್ವಯಿಸುತ್ತದೆ ಎಂದು ನನಗೆ ತೋರುತ್ತದೆ.

ಹಾಗಾದರೆ ಪಶ್ಚಿಮಘಟ್ಟಕ್ಕೂ ಅಸ್ಸಾಮಿಗೂ ನಡುವೆ ಒಣನೆಲವಿಲ್ಲವೇ ಎಂದು ಕೇಳುವ ವಿದ್ಯಾರ್ಥಿ ನಿಮ್ಮ ತರಗತಿಯಲ್ಲಿದ್ದರೆ ಅವನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ. ಇದೆ. ಪೂರ್ವಘಟ್ಟದ ಕಾಡುಗಳು ನಡುವೆ ಮೆಟ್ಟಿಲುಗಳಂತೆ ನೆರವಾಗಿರಬಹುದು. ದಕ್ಷಿಣದ ಹಕ್ಕಿಯನ್ನು ಬೇರೆ ಉಪಪ್ರಭೇದವೆಂದು ಗುರುತಿಸುವ ಪ್ರಯತ್ನವೂ ಕಳೆದ ಶತಮಾನದಲ್ಲಿ ನಡೆದಿತ್ತು, ಈಗ ಹೆಚ್ಚಿನವರು ಅದನ್ನು ಒಪ್ಪುವುದಿಲ್ಲ.

ಕೆಂಪು ಎಂದರೆ ಏನು?

ಇನ್ನು ನನ್ನ ಕ್ಷೇತ್ರಕ್ಕೆ ಬರುತ್ತೇನೆ. ಗಿಳಿಯ ಹಸಿರು ಒಂದು ಬಣ್ಣವಲ್ಲ, ಎರಡರ ಕೂಡಿಕೆ. ಗರಿಯ ಎಳೆಯ ಹೊರಪದರದಲ್ಲಿ ಹಳದಿ ವರ್ಣದ್ರವ್ಯವಿದೆ. ಅದರ ಒಳಗೆ ಕೆರಟಿನ್‌ನಿಂದಾದ, ಗಾಳಿಯ ಸೂಕ್ಷ್ಮ ರಂಧ್ರಗಳುಳ್ಳ ಸ್ಪಂಜಿನಂಥ ಪದರ. ಈ ಸ್ಪಂಜು ನೀಲಿ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಅದರಡಿಯಲ್ಲಿರುವ ಕಪ್ಪು ಮೆಲನಿನ್ ಉಳಿದ ಬೆಳಕನ್ನು ಹೀರುತ್ತದೆ. ನೀಲಿ ಮತ್ತು ಹಳದಿ ಸೇರಿ ನಮಗೆ ಹಸಿರು ಕಾಣುತ್ತದೆ.

ಆ ನೀಲಿ ಹೇಗೆ ಬರುತ್ತದೆ ಎಂಬುದೇ ಒಂದು ಇತಿಹಾಸ. ಆಕಾಶದ ನೀಲಿಯಂತೆ ಇದೂ ಸಣ್ಣ ಕಣಗಳಿಂದ ಬೆಳಕಿನ ಚದರಿಕೆ, ಅಂದರೆ ಟಿಂಡಲ್ ಪರಿಣಾಮ ಎಂದು ಬಹುಕಾಲ ನಂಬಲಾಗಿತ್ತು. 1934ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಆರಂಭವಾದಾಗ ಅದರ ಪತ್ರಿಕೆಯ ಮೊದಲ ಸಂಪುಟದಲ್ಲಿ ಸಿ. ವಿ. ರಾಮನ್ ಬರೆದ ಪ್ರಬಂಧ ಹಕ್ಕಿಗರಿಗಳ ಬಣ್ಣದ ಮೂಲವನ್ನು ಕುರಿತದ್ದು. ಅವರು ಕೈಗೆತ್ತಿಕೊಂಡದ್ದು ನಮ್ಮ ನೀಲಕಂಠದ ಗರಿಯನ್ನು. ಟಿಂಡಲ್ ವಿವರಣೆ ಸಾಲದು, ಬೆಳಕಿನ ವ್ಯತಿಕರಣವನ್ನೂ ಪರಿಗಣಿಸಬೇಕು ಎಂಬ ಕಡೆಗೆ ಅವರ ಒಲವಿತ್ತು. 1971ರಲ್ಲಿ ಡೆನ್ಮಾರ್ಕಿನ ಯಾನ್ ಡೈಕ್ ಆಫ್ರಿಕಾದ ಲವ್‌ಬರ್ಡ್ ಗಿಳಿಯ ಹಸಿರು-ನೀಲಿ ಗರಿಗಳನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದ. 1998ರಲ್ಲಿ ಅಮೆರಿಕದ ರಿಚರ್ಡ್ ಪ್ರಮ್ ಮತ್ತು ಜೊತೆಗಾರರು ಕೊಟಿಂಗಾ ಎಂಬ ಹಕ್ಕಿಯ ನೀಲಿ ಗರಿಯ ಸ್ಪಂಜಿನ ಚಿತ್ರಗಳನ್ನು ಫೂರಿಯೆ ವಿಶ್ಲೇಷಣೆಗೆ ಒಳಪಡಿಸಿ, ರಂಧ್ರಗಳು ಅಡ್ಡಾದಿಡ್ಡಿಯಾಗಿಲ್ಲ, ಅವುಗಳ ಅಂತರದಲ್ಲಿ ಒಂದು ಕ್ರಮವಿದೆ, ಚದರಿದ ಅಲೆಗಳು ಒಂದಕ್ಕೊಂದು ಕೂಡಿಕೊಂಡೇ ನೀಲಿ ಬರುತ್ತದೆ ಎಂದು ತೋರಿಸಿದರು. ರಾಮನ್‌ರ ಒಲವು ತಪ್ಪಾಗಿರಲಿಲ್ಲ.

ಡೈಕ್ ಆರಿಸಿದ ಲವ್‌ಬರ್ಡ್ ತೂಗುಗಿಳಿಯ ಹತ್ತಿರದ ಬಂಧು. ಇತ್ತೀಚಿನ ಡಿಎನ್‌ಎ ಅಧ್ಯಯನಗಳು ಹೇಳುವುದು ಹಾಗೆ. ಗೂಡಿಗೆ ಬೇಕಾದ ಎಲೆಯ ಚೂರುಗಳನ್ನು ಗರಿಗಳ ನಡುವೆ ಸಿಕ್ಕಿಸಿಕೊಂಡು ಒಯ್ಯುವ ವಿಚಿತ್ರ ಅಭ್ಯಾಸ ಎರಡಕ್ಕೂ ಇದೆ. ನಮ್ಮ ಊರುಗಳಲ್ಲಿ ಪಂಜರದಲ್ಲಿ ಮಾರುವ 'ಲವ್ ಬರ್ಡ್ಸ್' ಮಾತ್ರ ಬೇರೆ. ಅವು ಆಸ್ಟ್ರೇಲಿಯಾ ಮೂಲದ ಬಜರಿಗರ್.

ಕೆಂಪಿನ ಕತೆ ಬೇರೆ. ಕೆಂಪು ಗರಿಯಲ್ಲಿ ಬಣ್ಣ ಕೊಡುವುದು ಕೆಂಪು ವರ್ಣದ್ರವ್ಯವೇ. ಫ್ಲೆಮಿಂಗೋದಂಥ ಹಕ್ಕಿಗಳು ಕೆಂಪನ್ನು ಆಹಾರದ ಕ್ಯಾರೊಟಿನಾಯ್ಡ್‌ಗಳಿಂದ ಪಡೆಯುತ್ತವೆ. ಗಿಳಿಗಳು ಹಾಗಲ್ಲ. ಅವು ಬೆಳೆಯುತ್ತಿರುವ ಗರಿಯ ಬುಡದಲ್ಲೇ ತಮ್ಮದೇ ವರ್ಣದ್ರವ್ಯ ತಯಾರಿಸಿಕೊಳ್ಳುತ್ತವೆ. 19ನೇ ಶತಮಾನದಲ್ಲೇ ಇದಕ್ಕೆ ಸಿಟ್ಟಾಕೊಫಲ್ವಿನ್ ಎಂಬ ಹೆಸರು ಬಂದಿತ್ತು. ಅದರ ರಾಸಾಯನಿಕ ರಚನೆ ಗೊತ್ತಾದದ್ದು 2001ರಲ್ಲಿ, ಇಟಲಿಯ ಸ್ಟ್ರಾಡಿ ತಂಡದಿಂದ. ಒಂಟಿ ಮತ್ತು ಜೋಡಿ ಬಂಧಗಳು ಒಂದಾದ ಮೇಲೊಂದು ಬರುವ ಉದ್ದನೆಯ ಇಂಗಾಲದ ಸರಪಳಿಗಳವು. ಡಬ್ಬಿಯೊಳಗಿನ ಇಲೆಕ್ಟ್ರಾನ್ ಎಂದು ಬಿ.ಎಸ್ಸಿ. ವಿದ್ಯಾರ್ಥಿಗಳು ಕಲಿಯುವ ಲೆಕ್ಕಕ್ಕೆ ಒಳ್ಳೆಯ ಉದಾಹರಣೆ. ಸರಪಳಿ ಉದ್ದವಾದಂತೆ ಹೀರಲ್ಪಡುವ ಬೆಳಕಿನ ತರಂಗಾಂತರ ಹೆಚ್ಚುತ್ತದೆ. 2005ರಲ್ಲಿ ಮೆಕ್‌ಗ್ರಾ ಮತ್ತು ನೊಗಾರೆ 44 ಪ್ರಭೇದಗಳ ಗಿಳಿಗಳ ಕೆಂಪು ಗರಿಗಳನ್ನು ಪರೀಕ್ಷಿಸಿ ಎಲ್ಲದರಲ್ಲೂ ಅವೇ ಐದು ಅಣುಗಳಿವೆ ಎಂದು ಕಂಡರು.

ಇದರಿಂದ ನಮಗೆ ಒಂದು ಉತ್ತರ ಸಿಗುತ್ತದೆ. ಬೆರಿಲ್ಲಿನಸ್‌ನ ಟೋಪಿ ಶ್ರೀಲಂಕಾದ ಯಾವುದೋ ಹಣ್ಣು ತಿಂದು ಬಂದದ್ದಲ್ಲ. ಅದು ಹುಟ್ಟಿನಿಂದ ಬಂದದ್ದು. ಆದರೆ ಅದು ದೊಡ್ಡ ಸಂಗತಿಯೂ ಅಲ್ಲ. ಎರಡು ಹಕ್ಕಿಗಳೂ ಬೆನ್ನಿನ ಕೆಳಗೆ ಕೆಂಪು ಗರಿ ತಯಾರಿಸುತ್ತವೆ. ದ್ವೀಪದ ಹಕ್ಕಿ ಅದನ್ನು ನೆತ್ತಿಯ ಮೇಲೂ ತಯಾರಿಸುತ್ತದೆ. ಹೊಸ ಅಣು ಬೇಕಿಲ್ಲ, ಜಾಗ ಬದಲಾದರೆ ಸಾಕು.

ಬಣ್ಣವೊಂದನ್ನೇ ನಂಬಿದರೆ ಎಂಥ ಎಡವಟ್ಟಾಗುತ್ತದೆ ಎಂಬುದಕ್ಕೆ ಬಜರಿಗರ್ ನೋಡಿ. ಒಂದೇ ಪಂಜರದಲ್ಲಿ ಹಸಿರು, ನೀಲಿ ಎರಡೂ ಇರುತ್ತವೆ. ನೀಲಿ ಹಕ್ಕಿಯಲ್ಲಿ ಹಳದಿ ವರ್ಣದ್ರವ್ಯವಿಲ್ಲ, ಸ್ಪಂಜಿನ ನೀಲಿ ಮಾತ್ರ ಉಳಿದಿದೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಇದಕ್ಕೆ ಕಾರಣ ಒಂದು ಕಿಣ್ವದಲ್ಲಿ ಒಂದೇ ಒಂದು ಅಮೈನೋ ಆಮ್ಲದ ಬದಲಾವಣೆ. ಇಡೀ ಮೈಯ ಬಣ್ಣ ಬದಲಾದರೂ ಪ್ರಭೇದ ಒಂದೇ, ಒಂದೇ ಗೂಡಿನಲ್ಲಿ ಎರಡೂ ಬಣ್ಣದ ಮರಿಗಳು ಹುಟ್ಟಬಹುದು. ತೂಗುಗಿಳಿಯಲ್ಲಿ ಬದಲಾದದ್ದು ನೆತ್ತಿಯಷ್ಟೇ, ಆದರೂ ಎರಡು ಪ್ರಭೇದ. ವ್ಯತ್ಯಾಸ ಎಷ್ಟು ದೊಡ್ಡದು ಎಂಬುದಕ್ಕಿಂತ ಅದು ಹೇಗೆ ಹಂಚಿಕೊಂಡಿದೆ ಎಂಬುದು ಇಲ್ಲಿ ಮುಖ್ಯ. ಶ್ರೀಲಂಕಾದ ಪ್ರತಿಯೊಂದು ಬೆಳೆದ ತೂಗುಗಿಳಿಗೂ ಟೋಪಿಯಿದೆ. ಪಶ್ಚಿಮಘಟ್ಟದಿಂದ ವಿಯೆಟ್ನಾಂವರೆಗೆ, ಅಂಡಮಾನಿನಲ್ಲೂ ಸೇರಿ, ಒಂದಕ್ಕೂ ಇಲ್ಲ. ನಡುವಿನ ರೂಪವೂ ಇಲ್ಲ. ಟೋಪಿಯಿಂದ ಅವು ಬೇರೆಯಾಗಲಿಲ್ಲ. ಬಹುಕಾಲ ಬೇರೆಯಾಗಿದ್ದವು ಎಂಬುದಕ್ಕೆ ಟೋಪಿ ಒಂದು ಗುರುತು.

ಏಳು ಅಂಕ

ಇಂಥ ತೀರ್ಮಾನಗಳನ್ನು ತಜ್ಞರ ಅಭಿರುಚಿಗೆ ಬಿಡದೆ ಅಳತೆಗೆ ಒಳಪಡಿಸಲು 2010ರಲ್ಲಿ ಜೋಸೆಫ್ ಟೋಬಿಯಾಸ್ ಮತ್ತು ಸಂಗಡಿಗರು ಒಂದು ಅಂಕಪದ್ಧತಿ ಸೂಚಿಸಿದರು. ಗರಿಯ ಬಣ್ಣ, ಅಳತೆ, ಕೂಗು, ನಡವಳಿಕೆ ಇವುಗಳಲ್ಲಿನ ಪ್ರತಿ ವ್ಯತ್ಯಾಸಕ್ಕೂ ಚಿಕ್ಕದಾದರೆ 1, ಮಧ್ಯಮವಾದರೆ 2, ದೊಡ್ಡದಾದರೆ 3, ಅಸಾಧಾರಣವಾದರೆ 4 ಅಂಕ. ಬಣ್ಣದ ವ್ಯತ್ಯಾಸಗಳು ಎಷ್ಟೇ ಇದ್ದರೂ ಮೂರಕ್ಕಿಂತ ಹೆಚ್ಚನ್ನು ಎಣಿಸುವಂತಿಲ್ಲ. ಒಟ್ಟು 7 ಬಂದರೆ ಬೇರೆ ಪ್ರಭೇದ. ಏಳೇ ಏಕೆ ಎಂದರೆ, ಪಕ್ಕಪಕ್ಕದಲ್ಲೇ ಬಾಳುತ್ತಿರುವ, ಪ್ರಭೇದಗಳೆಂಬುದರಲ್ಲಿ ಅನುಮಾನವಿಲ್ಲದ ಜೋಡಿಗಳಿಗೆ ಅಂಕ ಹಾಕಿ ನೋಡಿ ಆರಿಸಿದ ಸಂಖ್ಯೆ ಅದು. ಮಾಯರ್ ಹೇಳಿದ ಹೋಲಿಕೆಯೇ, ಅಂಕಿಗಳಲ್ಲಿ. ಕಣಭೌತವಿಜ್ಞಾನಿಗಳು ಹೊಸ ಕಣ ಸಿಕ್ಕಿತೆನ್ನಲು ಐದು ಸಿಗ್ಮಾ ಬೇಕೆನ್ನುವುದೂ ಹೀಗೆ ಮನುಷ್ಯರು ಒಪ್ಪಿಕೊಂಡ ಗೆರೆಯೇ. ಗೆರೆ ಮನುಷ್ಯರದು, ಅಳತೆ ನಿಸರ್ಗದ್ದು. ನಿಮ್ಮ ವಿದ್ಯಾರ್ಥಿಗಳಿಗೆ ಎರಡು ಹಕ್ಕಿಗಳ ಒಳ್ಳೆಯ ಚಿತ್ರಗಳನ್ನು ಕೊಟ್ಟು ಬಣ್ಣಕ್ಕೆ ಮಾತ್ರ ಅಂಕ ಹಾಕಲು ಹೇಳಿ. ಹತ್ತು ಜನ ಹತ್ತು ಬಗೆಯಲ್ಲಿ ಹಾಕುತ್ತಾರೆ. ಆ ಚರ್ಚೆಯಲ್ಲಿ ಒಂದು ಪಾಠದ ಅವಧಿ ಮುಗಿದರೆ ನಷ್ಟವಿಲ್ಲ.

ಇಷ್ಟನ್ನೂ ಬರೆದು ಆ ಶಿಕ್ಷಕಿಯವರಿಗೆ ಕಳಿಸಿದೆ. ಹದಿನೈದು ದಿನದಲ್ಲಿ ಉತ್ತರ ಬಂತು, ಜೊತೆಗೆ ಇನ್ನೊಂದು ಪ್ರಶ್ನೆ. ಶ್ರೀಲಂಕಾದ ಎಳೆಯ ಹಕ್ಕಿಯ ನೆತ್ತಿ ಇನ್ನೂ ಕೆಂಪಾಗಿರುವುದಿಲ್ಲ, ಹಸಿರಿನಲ್ಲಿ ಕೊಂಚ ಕಿತ್ತಳೆಯ ಛಾಯೆ ಮಾತ್ರ ಎಂದು ಅವರು ಎಲ್ಲೋ ಓದಿದ್ದರು. "ಹಾಗಾದರೆ ಅಂಥ ಮರಿಹಕ್ಕಿಯೊಂದು ಆ ಸ್ವೀಡನ್ನಿನ ಸಾಹುಕಾರರ ಕಪಾಟಿನಲ್ಲಿ ಇದ್ದಿದ್ದರೆ ಸ್ಪಾರ್ಮಾನ್ ಏನು ಮಾಡುತ್ತಿದ್ದರು ಸರ್?" ವಸಂತದ ಗಿಳಿ ಎಂದೇ ಬರೆಯುತ್ತಿದ್ದನೋ ಏನೋ. ಎಳೆಯದರಲ್ಲಿ ಗಂಟಲಿನ ನೀಲಿಯೂ ನೆರವಿಗೆ ಬರುವುದಿಲ್ಲ. ಅದಕ್ಕೇ ಇಂದು ಸಂಗ್ರಹಾಲಯಗಳಲ್ಲಿ ಹಕ್ಕಿಯ ಕಾಲಿಗೆ ಕಟ್ಟುವ ಚೀಟಿಯಲ್ಲಿ ಹೆಸರಿಗಿಂತ ಮೊದಲು ಊರು ಮತ್ತು ದಿನಾಂಕ ಇದೆಯೇ ಎಂದು ನೋಡುತ್ತಾರೆ. ಹೆಸರನ್ನು ಆಮೇಲೆ ತಿದ್ದಬಹುದು. ಊರು ಬರೆಯದೆ ಬಿಟ್ಟರೆ ಅದನ್ನು ತುಂಬಲು ಯಾರಿಂದಲೂ ಆಗದು.